ಹದಿನಾರನೆಯ ಸೋಲು

ಹುಬ್ಬಳ್ಳಿಯ ಬೇಸ್‌ಬಾಲ್ ತಂಡ ಸೋತು ಬಂದಾಗಲೆಲ್ಲ ಆಟಗಾರರ ತಲೆಗೆ ತಂತಿಯ ಟೋಪಿ ಹಾಕಿ ಸೋಲಿನ ನೋವನ್ನು ತೆಗೆಯುವುದು ಕಸ್ತೂರಿಯ ಕೆಲಸ. ಈ ಋತುವಿನಲ್ಲಿ ಇದು ಹದಿನಾರನೆಯ ಸಲ. ನಾಯಕ ಗುರುಶಾಂತ ಕುರ್ಚಿಯಲ್ಲಿ ಕೂತು ಬಿಕ್ಕುತ್ತಿದ್ದ.

ತರಬೇತುದಾರರು ಅವಳನ್ನು ಬಾಗಿಲಾಚೆ ಕರೆದು ಕೈಮುಗಿದರು. "ಅಕ್ಕಾರ, ಇವನಿಗಷ್ಟ ಚೂರು ನೋವು ಉಳಸ್ರಿ. ಪ್ರತಿ ಸಲಾನೂ ಆತುರಪಟ್ಟು ಓಡಿ ಔಟಾಗ್ತಾನ. ನೋವು ನೆನಪಿದ್ರ ತಿದ್ದಿಕೋತಾನ. ಇನ್ನೊಂದು ಸೋತ್ರ ಇವನನ್ನ ತಂಡದಿಂದ ತಗದ ಹಾಕ್ತಾರ."

ಕಸ್ತೂರಿ ಆಗಲೆಂದು ತಲೆಯಾಡಿಸಿ ಒಳಗೆ ಬಂದಳು. ಮೂರು ವರ್ಷದ ಹಿಂದೆ ಇದೇ ತಂಡಕ್ಕೆ ಚೆಂಡೆಸೆಯುತ್ತಿದ್ದವಳು ಅವಳು. ಒಂದೇ ಒಂದು ಪಂದ್ಯ ಸೋತದ್ದಕ್ಕೆ, "ಈಕಿ ಕೈಗೆ ಲಟ್ಟಣಿಗಿ ಕೊಡ್ರಿ" ಎಂದು ಎಲ್ಲರೆದುರು ನಕ್ಕು ಹೊರಹಾಕಿಸಿದವನು ಗುರುಶಾಂತ. ಆ ನೋವನ್ನು ಮಾತ್ರ ಅವಳು ತೆಗೆಸಿಕೊಂಡಿರಲಿಲ್ಲ. ಕೂಸಿನಂತೆ ಸಾಕಿಕೊಂಡಿದ್ದಳು.

"ಲಗೂ ತಗಿ ಕಸ್ತೂರಿ, ಎದಿ ಒಡದಂಗ ಆಗೇತಿ" ಎಂದ ಅವನು.

"ತಗೀತೀನಪಾ. ಒಂದು ಹನೀನೂ ಬಿಡಂಗಿಲ್ಲ" ಎನ್ನುತ್ತ ಅವಳು ಅವನ ತಲೆಗೆ ಟೋಪಿ ಹಾಕಿ, ಅದರ ಗುಂಡಿಯನ್ನು ಕೊನೆಯವರೆಗೂ ತಿರುಗಿಸಿದಳು.

ಗುರುಶಾಂತ ಕಣ್ಣೊರೆಸಿಕೊಂಡು ಹಗುರಾಗಿ ಎದ್ದ. "ನಾಳೆ ನೋಡು, ಇವತ್ತಿಗಿಂತ ಜೋರು ಓಡ್ತೀನಿ."

"ಓಡು, ನಮ್ಮಪ್ಪಾ" ಎಂದು ಕಸ್ತೂರಿ ಮನಸಾರೆ ಹರಸಿದಳು.