ಕೆಂಪು ಮಾತ್ರೆ, ಬಿಳಿ ಮಾತ್ರೆ

ಸಂಧಿವಾತದಿಂದ ವಾರಗಿತ್ತಿಯರಿಬ್ಬರ ಬೆರಳೂ ಬಾತಿದ್ದವು. ಯಾವ ಮಾತ್ರೆಗೆ ಬಾವು ಬೇಗ ಇಳಿಯುತ್ತದೆಂದು ನೋಡಲು ಡಾಕ್ಟರು ಹಿರಿಯಳಿಗೆ ಕೆಂಪು, ಕಿರಿಯಳಾದ ನೀಲವ್ವನಿಗೆ ಬಿಳಿ ಮಾತ್ರೆ ಕೊಟ್ಟರು. ಮೊದಲು ಗುಣವಾದವಳೇ ಮನೆಮಂದಿಗೆಲ್ಲ ರೊಟ್ಟಿ ಬಡಿಯಬೇಕು, ಅಲ್ಲಿಯವರೆಗೆ ತಾನು ಬಡಿಯುತ್ತೇನೆ ಎಂದಳು ಅತ್ತೆ.

ತಿಂಗಳಾದರೂ ನೀಲವ್ವ ನರಳುತ್ತಲೇ ಇದ್ದಳು. "ಬಿಳೀದು ಬರೇ ಸುಣ್ಣ ಐತ್ರಿ, ಅತ್ತಿಯಾರ."

"ಕೆಂಪು ಏನು ಕಡದು ಕಟ್ಟಿ ಹಾಕೇತಿ? ಕುಂಕುಮ ನುಂಗಿದಂಗ ಆಗೇತಿ," ಎಂದಳು ಹಿರಿಯಳು.

ಅತ್ತೆ ನಿಟ್ಟುಸಿರಿಟ್ಟು ತನ್ನ ಬಂಗಾರದ ಉಂಗುರ ಬಿಚ್ಚಿದಳು. "ನಿಮ್ಮಿಬ್ಬರಾಗ ಒಬ್ಬಾಕಿಗೆ ಕೊಡೂನು ಅಂತಿದ್ದೆ. ಬಾತ ಬೆರಳಿಗೆ ಹೆಂಗ ಹೋದೀತು? ಮಗಳಿಗೇ ಕೊಡ್ತೀನಿ."

"ತಡೀರಿ!" ಹಿರಿಯಳು ಅದನ್ನು ಕಸಿದು ಬೆರಳಿಗೇರಿಸಿದಳು. ನೀಲವ್ವ ಕಿತ್ತುಕೊಂಡು ತನ್ನ ಬೆರಳಿಗೆ ಸರಕ್ಕನೆ ಇಳಿಸಿದಳು.

ಅತ್ತೆ ಉಂಗುರವನ್ನು ಮರಳಿ ತೊಟ್ಟು, ಹಿಟ್ಟಿನ ಬುಟ್ಟಿಯನ್ನು ಇಬ್ಬರ ನಡುವೆ ಇಟ್ಟಳು.