ಹನ್ನೆರಡು ನೆಂಟರ ಗುಟ್ಟು

ಲ್ಯಾಪ್‌ಟಾಪಿನ ಪಟ್ಟಿಯಲ್ಲಿ ‘ಸಿದ್ದಾಪುರ ಚಿಕ್ಕಿ’ ಎಂಬ ಹೆಸರಿನ ಎದುರು ಮರುಮದುವೆಯ ಜಾಲತಾಣವೊಂದು ಒಂಬತ್ತನೆಯ ಸಲ ಕಂಡಾಗ ನಂದನ ಚಹಾದ ಲೋಟ ಕೆಳಗಿಟ್ಟ. ಕಣ್ಣು ತಪ್ಪಿರಬೇಕೆಂದು ಇನ್ನೊಮ್ಮೆ ನೋಡಿದ. ತಪ್ಪಿರಲಿಲ್ಲ. ಶಾಲೆ ಬಿಟ್ಟ ಮೇಲೆ, ದಿನವೂ ನಾಲ್ಕೂವರೆಯಿಂದ ಐದರವರೆಗೆ. ಹೈಸ್ಕೂಲಿನಲ್ಲಿ ಹಿಂದಿ ಕಲಿಸುವ, ಗಂಡ ತೀರಿಕೊಂಡು ಏಳು ವರ್ಷವಾದ, ನಲವತ್ತಾರರ ಲಕ್ಷ್ಮೀ ಚಿಕ್ಕಿ!

ಇದನ್ನೆಲ್ಲ ನೋಡುವ ಅಧಿಕಾರ ಅವನಿಗಿರಲಿಲ್ಲ. ಯಾರಿಗೂ ಇರಬಾರದೆಂದೇ ಅವನು ಸಿರಸಿಯ ಜೆರಾಕ್ಸ್ ಅಂಗಡಿಯೊಂದರ ಮೇಲಿನ ಕೋಣೆಯಲ್ಲಿ ಕೂತು ವಿಪಿಎನ್ ಆ್ಯಪ್ ಮಾಡುತ್ತಿದ್ದುದು. ಫೋನಿನಲ್ಲಿ ಯಾರು ಏನು ನೋಡಿದರೆಂದು ಹೊರಗಿನವರಿಗೆ ತಿಳಿಯದಂತೆ ಮುಚ್ಚಿಡುವುದು ಅದರ ಕೆಲಸ. ಬಳಸಿದವರ ದೂರು ಎರಡೇ: ಬಹಳ ನಿಧಾನ, ಒತ್ತಬೇಕಾದ ಗುಂಡಿಗಳು ಬಹಳ. ಸರಿ, ಒಂದೇ ಗುಂಡಿಯ ಹೊಸ ಆ್ಯಪ್ ಸಿದ್ಧವಾಯಿತು, ಅದನ್ನು ಪರೀಕ್ಷಿಸಲು ಹನ್ನೆರಡು ಜನ ಬೇಕಾದರು. ಬೇರೆ ಕಂಪನಿಯವರು ಇಂಥದ್ದಕ್ಕೆ ಗುರುತು ಪರಿಚಯ ಇಲ್ಲದವರನ್ನು ಹುಡುಕುತ್ತಾರೆ. ನಂದನ ಭಾವನ ಮನೆಯ ಉಪನಯನಕ್ಕೆ ಹೋದ. ಊಟದ ಪಂಕ್ತಿ ಏಳುವುದನ್ನೇ ಕಾದು, ಕೈ ತೊಳೆದು ಬಂದವರ ಫೋನಿಗೆಲ್ಲ, ‘ಯಾರು ಎಂತ ನೋಡಿದ್ರೂ ಯನ್ನ ಕಣ್ಣಿಗೂ ಕಾಣ್ತಿಲ್ಲೆ’ ಎಂದು ಮಾತು ಕೊಟ್ಟು ಹಾಕಿಕೊಟ್ಟ.

ಅಲ್ಲಿಗೆ ನಿಲ್ಲಿಸಿದ್ದರೂ ಆಗುತ್ತಿತ್ತು. ಎಲ್ಲಿ ನಿಧಾನವಾಗುತ್ತದೆಂದು ಕಂಡುಹಿಡಿಯಲು, ಯಾರು ಯಾವ ತಾಣಕ್ಕೆ ಹೋದರೆಂಬ ದಾಖಲೆಯನ್ನು ಎರಡು ವಾರದ ಮಟ್ಟಿಗೆ ತೆರೆದಿಟ್ಟ. ಅದರಲ್ಲಿ ಹೆಸರಿನ ಬದಲು ಒಂದು, ಎರಡು, ಮೂರು ಎಂದು ಸಂಖ್ಯೆಯನ್ನಾದರೂ ಹಾಕಬಹುದಿತ್ತು. ಆದರೆ ನೆಂಟರಿಗೆ ಸಂಖ್ಯೆ ಹಾಕಲು ಅವನಿಗೆ ಮನಸ್ಸು ಬರಲಿಲ್ಲ. ಸಿದ್ದಾಪುರ ಚಿಕ್ಕಿ, ಬನವಾಸಿ ಮಾವ, ಯಲ್ಲಾಪುರ ಅತ್ತಿಗೆ ಎಂದು ಪ್ರೀತಿಯಿಂದ ಬರೆದುಕೊಂಡ. ಗೌಪ್ಯತೆಯ ಬಗ್ಗೆ ಮೂರು ಕಾಲೇಜುಗಳಲ್ಲಿ ಭಾಷಣ ಮಾಡಿ ಶಾಲು ಹೊದೆಸಿಕೊಂಡು ಬಂದ ಮಹಾನುಭಾವ ಇವನೇ.

ಈಗ ಕಂಡದ್ದನ್ನು ಮರೆತು ಸುಮ್ಮನಿರಬೇಕಿತ್ತು. ಆದರೆ ಅವನಿಗೆ ನಿಜವಾಗಿಯೂ ಸಂತೋಷವಾಗಿತ್ತು. ಪಿಯುಸಿಯ ಎರಡು ವರ್ಷ ಚಿಕ್ಕಿಯ ಮನೆಯಲ್ಲೇ ಇದ್ದು ಓದಿದವನು ಅವನು; ಚಿಕ್ಕಿ ಒಬ್ಬಳೇ ಕೂತು ಉಣ್ಣುವುದನ್ನು ನೆನೆದರೆ ಇವತ್ತಿಗೂ ಅವನಿಗೆ ಸಂಕಟ. ಸಂತೋಷ ತಡೆಯಲಾರದೆ ಎರಡೇ ದಿನದಲ್ಲಿ ಒಬ್ಬ ಗಂಡನ್ನೂ ಮನಸ್ಸಿನಲ್ಲೇ ಗೊತ್ತುಮಾಡಿದ.

ಶನಿವಾರ ಮಧ್ಯಾಹ್ನ ಚಿಕ್ಕಿಯೇ ಮೆಟ್ಟಿಲು ಹತ್ತಿ ಬಂದಳು.

“ತಮಾ, ನಿನ್ನ ಆ್ಯಪ್ ಆನ್ ಇದ್ರೆ ಬ್ಯಾಂಕಿಂದು ತೆರಿತಿಲ್ಲೆ. ಎಂತ ಆಜು ನೋಡು.”

“ಬ್ಯಾಂಕಿಂದೊಂದು ಇದ್ರಿಂದ ಹೊರಗೆ ಇಪ್ಪ ಹಾಂಗೆ ಮಾಡಿಕೊಡ್ತೆ ಚಿಕ್ಕಿ, ಎರಡು ನಿಮಿಷ,” ಎಂದು ನಂದನ ಫೋನ್ ತೆಗೆದುಕೊಂಡ. ಸರಿಮಾಡಿ ಕೊಟ್ಟು, ಗಂಟಲು ಸರಿಪಡಿಸಿಕೊಂಡ. “ಯಲ್ಲಾಪುರದಲ್ಲಿ ಸದಾಶಿವ ಹೇಳಿ ಒಬ್ರು ಇದ್ದ. ಹೆಂಡತಿ ತೀರಿ ನಾಲ್ಕು ವರ್ಷ ಆತು. ಒಳ್ಳೇ ಜನ. ನಿಂಗೆ ಅಡ್ಡಿಲ್ಲೆ ಹೇಳಾದ್ರೆ ಆನೇ ಮಾತಾಡ್ತೆ.”

ಚಿಕ್ಕಿಯ ಮುಖದ ಬಣ್ಣ ಇಳಿಯಿತು. “ನಿಂಗೆ ಯಾರು ಹೇಳಿದ್ದು?”

“ಎಂತದು?”

“ಗಗನಾ ಟೀಚರ್ ಒಬ್ಳಿಗೇ ಗೊತ್ತಿದ್ದಿದ್ದು. ಯಾರತ್ರೂ ಹೇಳಡ ಹೇಳಿ ಅವಳ ಕೈ ಹಿಡ್ಕಂಡು ಬೇಡ್ಕಂಡಿದ್ದಿ. ಎಂಟು ವರ್ಷ ಒಂದೇ ಡಬ್ಬಿಲಿ ಉಂಡಿದ್ಯ ಅವಳೂ ಆನೂ. ಇವತ್ತಿಗೆ ಮುಗತ್ತು.” ಫೋನ್ ಎತ್ತಿ ಗಗನಾಳ ನಂಬರು ಒತ್ತಿಯೇಬಿಟ್ಟಳು.

ರಿಂಗ್ ಆಗತೊಡಗಿತು. ಸುಮ್ಮನಿದ್ದರೆ ಆ್ಯಪಿನ ಮರ್ಯಾದೆ ಉಳಿಯುತ್ತದೆ, ತನ್ನದೂ ಉಳಿಯುತ್ತದೆ, ಹೋಗುವುದು ಯಾರೋ ಟೀಚರಿನದು ಎಂದು ನಂದನನಿಗೆ ಹೊಳೆಯಿತು. ತಿಂಗಳುಗಟ್ಟಲೆ ತಲೆ ಕೆರೆದುಕೊಂಡರೂ ಆ್ಯಪಿಗೆ ಬಾರದ ವೇಗ ಇಂಥ ಯೋಚನೆಗೆ ಎಷ್ಟು ಸಲೀಸಾಗಿ ಬಂತೆಂದು ಅವನಿಗೇ ಹೇಸಿಗೆಯಾಯಿತು. ಮೂರನೆಯ ರಿಂಗಿಗೆ ಕೈ ಚಾಚಿ ಕರೆ ಕತ್ತರಿಸಿದ.

“ಅವಳಲ್ಲ ಚಿಕ್ಕಿ. ಆನೇ ನೋಡಿದ್ದು. ನೀ ಎಲ್ಲೆಲ್ಲಿ ಹೋದೆ ಹೇಳದು ಇಲ್ಲಿ ಬರಕಂಡಿರ್ತು.”

ಚಿಕ್ಕಿ ಫೋನನ್ನು ಚೀಲಕ್ಕೆ ಹಾಕಿಕೊಂಡಳು. ಕೆಳಗೆ ಜೆರಾಕ್ಸ್ ಯಂತ್ರ ಓಡುತ್ತಲೇ ಇತ್ತು.

“‘ಯನ್ನ ಕಣ್ಣಿಗೂ ಕಾಣ್ತಿಲ್ಲೆ’ ಹೇಳಿದ್ದೆ ನೀನು,” ಎಂದಳು. “ಊರವು ಇಣುಕಿ ನೋಡಿದ್ರೆ ಯಂಗೆ ಬೇಜಾರಿಲ್ಲೆ. ಅವು ಯಾರೂ ಮಾತು ಕೊಟ್ಟವಲ್ಲ.”

ಏನಾದರೂ ಮಾಡಿ ತಿದ್ದಿಕೊಳ್ಳಬೇಕೆಂಬ ಆತುರದಲ್ಲಿ ನಂದನ ದಾಖಲೆಯನ್ನು ತೆರೆದು ಲ್ಯಾಪ್‌ಟಾಪನ್ನು ಅವಳ ಕಡೆ ತಿರುಗಿಸಿದ. “ತಪ್ಪಾತು ಚಿಕ್ಕಿ. ನೋಡು, ನಿನ್ನ ಎದುರಿಗೇ ಎಲ್ಲಾ ಅಳಿಸ್ತೆ.”

ಚಿಕ್ಕಿ ಥಟ್ಟನೆ ಮುಖ ಆಚೆ ತಿರುಗಿಸಿ, ಕೈಯಿಂದ ತಡವಿ ಲ್ಯಾಪ್‌ಟಾಪಿನ ಮುಚ್ಚಳ ಹಾಕಿದಳು.

“ಮುಚ್ಚಾ ಮಾರಾಯಾ, ಅದ್ರಲ್ಲಿ ಉಳಿದ ಹನ್ನೊಂದು ಜನರದ್ದೂ ಇದ್ದು.”