ಹನ್ನೆರಡು ವರ್ಷದ ಹೆಬ್ಬೇವು

"ಹನ್ನೆರಡ ವರ್ಷದ ಗಿಡಾ ಅಂತ ಹೇಳು. ಹೆಚ್ಚಿಗಿ ಮಾತಾಡಬ್ಯಾಡ" ಎಂದು ಧರೆಪ್ಪ ಮಗನಿಗೆ ಮೂರನೆಯ ಸಲ ಹೇಳುವಷ್ಟರಲ್ಲಿ ಬಿಳಿ ಕಾರು ಕಬ್ಬಿನ ಹೊಲ ದಾಟಿ ತೋಟದ ಮನೆಯ ಅಂಗಳಕ್ಕೆ ಬಂದೇಬಿಟ್ಟಿತು.

ಸಿದ್ದಲಿಂಗ ತಲೆಯಾಡಿಸಿದ. ಮೂವತ್ತೊಂದು ವರ್ಷದಿಂದ ಹಾಗೆಯೇ ಆಡುತ್ತ ಬಂದ ತಲೆ ಅದು.

ಮರಗಳಿಗೆ ನಿಜಕ್ಕೂ ಏಳು ವರ್ಷ. ಸತ್ತಿ ಊರಿನ ಹೊಳೆದಂಡೆಗೆ ಒಂದು ಎಕರೆ ಹೆಬ್ಬೇವು, ಕಬ್ಬಿನ ನೀರು ಕುಡಿದು ಸರಸರನೆ ಎದ್ದದ್ದು. ಏಳು ವರ್ಷದ್ದು ಪ್ಲೈವುಡ್ಡಿಗೆ, ದ್ರಾಕ್ಷಿ ತುಂಬುವ ಪೆಟ್ಟಿಗೆಗೆ ಹೋಗುತ್ತದೆ. ಹನ್ನೆರಡು ವರ್ಷ ಬಲಿತದ್ದಾದರೆ ತೊಲೆಗೂ ನಡೆದೀತು, ದರವೂ ಮೇಲೆ. ಆ ದರ ಸಿಕ್ಕರೆ ಮನೆಯ ಮೇಲೊಂದು ಮಾಳಿಗೆ, ಮಾಳಿಗೆಯಲ್ಲಿ ಬಚ್ಚಲು ಇರುವ ಕೋಣೆ. ಕೋಣೆಯಾದರೆ ಸಿದ್ದಲಿಂಗನ ಲಗ್ನ. ಮೂರು ಕಡೆಯ ಹೆಣ್ಣಿನವರು ಬಂದು, ಮನೆ ನೋಡಿ, ಚಹಾ ಕುಡಿದು ಹೋದವರು ಮತ್ತೆ ಫೋನು ಮಾಡಿರಲಿಲ್ಲ. ಸಂಬಂಧ ಜೋಡಿಸುವ ಐಗಳಿಯ ಜಿನೇಂದ್ರ ಈಗ ನಾಲ್ಕನೆಯದನ್ನು ಹೇಳಿದ್ದ. "ಕಲತ ಹುಡುಗಿ ಐತ್ರಿ ಕಾಕಾ. ಅವರ ವಿಚಾರ ಮಾಡಾಕತ್ತಾರ." ಅವರು ಬರುವುದರೊಳಗೆ ಮಾಳಿಗೆಯ ಗೋಡೆಯಾದರೂ ಏಳಬೇಕೆಂದು ಧರೆಪ್ಪ ಹಟ ಹಿಡಿದಿದ್ದ.

ಕಾರಿನಿಂದ ಇಳಿದವನು ನಿಪ್ಪಾಣಿಯ ಪೆಟ್ಟಿಗೆ ಫ್ಯಾಕ್ಟರಿಯ ಸಂಜಯ, ಐವತ್ತರ ಗಂಡಸು. ಮರ ನೋಡಲು ಬರುತ್ತೇವೆಂದು ಹಿಂದಿನ ದಿನ ಫೋನು ಮಾಡಿದ್ದವನು ಇವನೇ. ಜೊತೆಗೆ ಅಳತೆಪಟ್ಟಿ ಹಿಡಿದ ಒಬ್ಬ ಹುಡುಗಿ.

"ಇವರು ನಮ್ಮ ಮ್ಯಾಡಮ್ಮು. ಕಟಗಿ ತಪಾಸ ಮಾಡ್ತಾರ."

ಮ್ಯಾಡಮ್ಮು ಮೊದಲು ನೀರು ಕೇಳಿ ಒಳಗೆ ಹೋದಳು. ಹೋದವಳು ಕಾಲು ಗಂಟೆ ಧರೆಪ್ಪನ ಹೆಂಡತಿ ಶಿವಗಂಗವ್ವನ ಹತ್ತಿರ ಒಲೆಯ ಮುಂದೆ ಕೂತುಬಿಟ್ಟಳು. ರೊಟ್ಟಿ ಬಡಿಯುವ ಸಪ್ಪಳ, ನಗೆ.

"ಕಟಗಿ ಹೊಲದಾಗ ಐತ್ರಿ" ಎಂದ ಧರೆಪ್ಪ.

"ಇರ್ಲಿ ಬಿಡ್ರಿ, ಅದೆಲ್ಲಿ ಓಡಿ ಹೋಗತೈತಿ?" ಎಂದು ಸಂಜಯ ಹೊರಸಿನ ಮೇಲೆ ಕಾಲು ಚಾಚಿದ.

ತೋಪಿನಲ್ಲಿ ಹುಡುಗಿ ಅಳತೆಪಟ್ಟಿಯ ಒಂದು ತುದಿಯನ್ನು ಧರೆಪ್ಪನಿಗೆ ಕೊಡದೆ ಸಿದ್ದಲಿಂಗನ ಕೈಗೆ ಕೊಟ್ಟಳು. ಇಬ್ಬರೂ ಸೇರಿ ಹತ್ತು ಮರಗಳ ಸುತ್ತಳತೆ ತೆಗೆದರು. ಸಂಜಯ ಮೊಬೈಲು ಎತ್ತಿದ.

"ಗಿಡದ ಬಾಜೂಕ ನಿಂದರ್ರಿ ತಮ್ಮಾ, ಎತ್ತರಾ ತಿಳೀಲಿ."

ಸಿದ್ದಲಿಂಗ ಎದೆ ಸೆಟೆಸಿ ನಿಂತ.

"ಮಾಮಾ, ಬಿಸಲ ನಿಮ್ಮ ಬೆನ್ನಿಗೆ ಬರ್ಲಿ, ಇಲ್ಲಂದ್ರ ಅವರ ಮಾರಿ ಕರ್ರಗ ಬೀಳತೈತಿ" ಎಂದಳು ಹುಡುಗಿ. ನಿಪ್ಪಾಣಿ ಕಡೆ ಹಿರಿಯ ಗಂಡಸರೆಲ್ಲ ಮಾಮಾಗಳೇ. ಧರೆಪ್ಪ ಕಿವಿಗೆ ಹಾಕಿಕೊಳ್ಳಲಿಲ್ಲ.

"ಯಾರ ಹಚ್ಚಿದ್ರಿ ಈ ಗಿಡಾ?" ಎಂದು ಹುಡುಗಿ ಕೇಳಿದಳು.

"ನಾನರೀ! ಒಂದೊಂದ ಕುಣೀನೂ ನಾನ ತೋಡೇನಿ" ಎಂದ ಸಿದ್ದಲಿಂಗ. ಅವನ ಮುಖ ಅರಳಿತ್ತು.

"ಎಷ್ಟ ವರ್ಷ ಆತು?"

ಸಿದ್ದಲಿಂಗ ಅಪ್ಪನ ಮುಖ ನೋಡಿದ. ಅಪ್ಪ ರುಮಾಲು ಸರಿಮಾಡಿಕೊಂಡ.

"ಹನ್ನೆರಡ್ರಿ."

ಹುಡುಗಿ ಬರೆದುಕೊಳ್ಳಲಿಲ್ಲ. ಮಾದರಿಗೆಂದು ಹೋದ ವಾರ ಕಡಿದಿದ್ದ ಮರದ ಬೊಡ್ಡೆಯ ಹತ್ತಿರ ಹೋಗಿ ಕುಕ್ಕರಗಾಲಲ್ಲಿ ಕೂತಳು. ಅದರ ಮೇಲೆಲ್ಲ ಸೆಗಣಿ ಬಳಿದಿತ್ತು.

"ಗೆದ್ದಲಾ ಹತ್ತಬಾರ್ದಂತ್ರಿ" ಎಂದ ಧರೆಪ್ಪ.

ಅವಳು ಸೆಗಣಿಯನ್ನು ಚಾಕುವಿನಿಂದ ಕೆರೆದು, ಬಾಟಲಿಯ ನೀರು ಹನಿಸಿ, ಪೆನ್ನಿನ ತುದಿಯಿಂದ ಉಂಗುರ ಎಣಿಸಿದಳು. ಒಂದೊಂದೂ ಹೆಬ್ಬೆರಳಿನಷ್ಟು ಅಗಲ. ಏಳಕ್ಕೆ ಮುಗಿದವು.

ಅದೇ ಮರದಿಂದ ಕೊಯ್ಸಿದ್ದ ಒಂದಿಂಚು ದಪ್ಪದ ಪಟ್ಟಿಯನ್ನು ಎರಡು ಇಟ್ಟಿಗೆ ಗುಡ್ಡೆಗಳ ಮೇಲೆ ಅಡ್ಡ ಇಡಿಸಿದಳು. ನಡುವೆ ಹಗ್ಗ ಕಟ್ಟಿ ಯೂರಿಯಾ ಚೀಲ ಜೋತುಬಿಡಿಸಿದಳು. ಪಟ್ಟಿ ಬಾಗಿತು, ತಡೆಯಿತು. ಎರಡನೆಯ ಚೀಲಕ್ಕೆ ಲಟಕ್ಕನೆ ಮುರಿಯಿತು.

"ತೊಲಿಗೆ ಆಗೂದಿಲ್ರಿ. ಪೆಟಿಗಿಗೆ, ಪ್ಲೈವುಡ್ಡಿಗೆ ಚಲೋ. ಕಟಗೀದೇನೂ ತಪ್ಪಿಲ್ಲ, ಇನ್ನೂ ಬಲತಿಲ್ಲ ಅಷ್ಟ" ಎಂದು ಸಿದ್ದಲಿಂಗನ ಕಡೆ ತಿರುಗಿದಳು. "ನೀವ ಕೈಯಾರೆ ಹಚ್ಚಿದ್ದು. ಏಳ ಅಂತ ನಿಮಗ ಗೊತ್ತಿತ್ತಲ್ರಿ?"

ಸಿದ್ದಲಿಂಗ ಮತ್ತೆ ಅಪ್ಪನ ಮುಖ ನೋಡಿದ.

"ಅಂವಗೇನ ತಿಳೀತೈತ್ರಿ, ಹುಡುಗ" ಎಂದ ಧರೆಪ್ಪ.

"ಹೌದ್ರಿ" ಎಂದ ಸಿದ್ದಲಿಂಗ. "ಎಲ್ಲಾ ಅಪ್ಪಗ ಗೊತ್ತ."

ಅವಳು ಇನ್ನೂ ಸ್ವಲ್ಪ ಹೊತ್ತು ಅವನನ್ನೇ ನೋಡಿದಳು, ಏನಾದರೂ ಮುಂದೆ ಹೇಳುತ್ತಾನೇನೋ ಎಂಬಂತೆ. ಅವನು ಮುರಿದ ಪಟ್ಟಿಯ ತುಂಡುಗಳನ್ನು ಆಯತೊಡಗಿದ.

ದರದ ಮಾತೇ ಏಳಲಿಲ್ಲ. ಶಿವಗಂಗವ್ವ ವಾಡಿಕೆಯಂತೆ ಹುಡುಗಿಯ ಹಣೆಗೆ ಕುಂಕುಮ ಹಚ್ಚಿದಳು. ಕಾರು ಬಂದ ದಾರಿಯಲ್ಲೇ ಹೊರಟುಹೋಯಿತು.

"ಗಟ್ಟಿ ಆಗಿ ಹೇಳಿದ್ರ ಆಕಿ ಬೊಡ್ಡಿ ಕಡೆ ಹೋಗತಿದ್ದಳೇನಲೇ?" ಎಂದು ಧರೆಪ್ಪ ಮಗನ ಮೇಲೆ ಹರಿಹಾಯ್ದ. "ನನ್ನ ಮಾರಿ ಯಾಕ ನೋಡಿದಿ?"

ಉತ್ತರಕ್ಕಾಗಿ ಸಿದ್ದಲಿಂಗ ಅಪ್ಪನ ಮುಖ ನೋಡಿದ.

ಸಂಜೆ ಎಮ್ಮೆ ಹಿಂಡುವ ಹೊತ್ತಿಗೆ ಜಿನೇಂದ್ರನ ಫೋನು ಬಂತು. ಅವನು ಬಾಯಿ ತೆರೆಯುವ ಮೊದಲೇ ಧರೆಪ್ಪ ಗೋಳು ಹೇಳಿಕೊಂಡ. "ಗಿಡಕ್ಕ ದರಾ ಬರಾಂಗಿಲ್ಲೋ ಜಿನೇಂದ್ರಾ. ಮಾಳಗಿ ಈ ವರ್ಷ ಆಗೂದಿಲ್ಲ. ಆ ಹುಡುಗಿ ಕಡೆಯವರ್ನ ಒಂದೆರಡ ತಿಂಗಳಾ ತಡಿ."

"ಹುಡುಗಿ ಪ್ರಾಜಕ್ತಾ, ಆಕಿ ಮಾಮಾ ಇಬ್ಬರೂ ಮುಂಜಾನೆನ ನಿಮ್ಮಲ್ಲಿ ಬಂದ ಹೋಗ್ಯಾರಲ್ರಿ ಕಾಕಾ" ಎಂದ ಜಿನೇಂದ್ರ. "ಬಚ್ಚಲಾ ಅಂಗಳದಾಗ ಇದ್ರೂ ನಡೀತಿತ್ತಂತ. ಏಳ ವರ್ಷದ ಗಿಡಕ್ಕ ಅವರ ಫ್ಯಾಕ್ಟರಿಯೊಳಗ ಕೆಲಸಾ ಐತಿ, ಸೋಮವಾರ ಲಾರಿ ಕಳಸ್ತಾರಂತ. ಮೂವತ್ತೊಂದ ವರ್ಷದ ಹುಡುಗನ್ನ ಮಾತ್ರ ಪ್ರಾಜಕ್ತಾ ಒಲ್ಲೆ ಅಂದಾಳ."